ಹದಿನೇಳನೇ ಪೆಟ್ಟಿಗೆ

ಪರೀಕ್ಷೆ ಮುಗಿದ ಶುಕ್ರವಾರ
ಎಲುಬು ಎಣಿಸಿ ಪೆಟ್ಟಿಗೆಗೆ ತುಂಬುವ ಪಾಳಿ ನನ್ನದು.
ಕಿಟಕಿಯಾಚೆ ಟೇ ನದಿ; ಮೂರೂವರೆಗೇ
ದೀಪ ಹಚ್ಚಿಕೊಂಡು ಕೂತ ಡಂಡೀ.

ಕೈಗೆ ಮೂವತ್ತೆರಡು, ಕಾಲಿಗೆ ಮೂವತ್ತೊಂದು.
ಇಷ್ಟು ನಡೆದ ಕಾಲಿಗೆ ಒಂದು ಕಡಿಮೆ ಯಾಕೆಂದು
ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ಕೊರಳೆಲುಬು ಮೊದಲು. ಬೆರಳಿನಷ್ಟೇ ದಪ್ಪ,
ನೆಟ್ಟಗೆ ಎಳೆಯಹೋಗಿ ಕೈ ನಡುಗಿದ ಗೆರೆಯ ಹಾಗೆ.
ಇಡೀ ತೋಳು ಎದೆಗೂಡಿಗೆ ಜೋತಿರುವುದು ಇದೊಂದರಿಂದ.
ಹೆಗಲ ಹಲಗೆಯೋ, ಬೆನ್ನಿನ ಎಲುಬಿಗೆ ತಾಗದೆ
ಮಾಂಸದಲ್ಲಿ ತೇಲುತ್ತದೆ.
ಇದನ್ನು ತಿಳಿದ ಮೇಲೆ,
ಹೆಗಲು ಕೊಡುತ್ತೇನೆಂದು ಕೊಡದವರನ್ನು
ನಾನು ಅಷ್ಟಾಗಿ ದೂರುವುದಿಲ್ಲ.

ಟೊಂಕದ ಮಾತು ಬೇರೆ. ಹುಟ್ಟುವಾಗ ಮೂರು ತುಂಡು,
ಮೈನೆರೆದ ಮೇಲೆ ಬಟ್ಟಲಿನ ನಡುವೆ ಬೆಸೆದು ಒಂದು;
ಬೆನ್ನಿಗೆ ಕಚ್ಚಿತೆಂದರೆ ಬಿಡುವುದಿಲ್ಲ.
ಹಿರಿಯರು ಸುಮ್ಮನೆ ಟೊಂಕ ಕಟ್ಟಲಿಲ್ಲ.
ಅದರ ಹಿಂದಿನ ಕಚ್ಚಿನಲ್ಲಿ ಹೆಬ್ಬೆರಳಿಟ್ಟೆ: ಸಲೀಸಾಗಿ ಆಡಿತು.
ಹೆಣ್ಣು.

ಮುಚ್ಚಳದೊಳಗೆ ಹರಿದ ಚೀಟಿ; ಓದಲು ಉಳಿದದ್ದು
ಕಲ್ಕತ್ತಾ ಎಂಬಷ್ಟೇ.
ಈ ಊರಿನ ಗಿರಣಿಗಳಿಗೆ ಸೆಣಬು ಬಂದದ್ದೂ ಅಲ್ಲಿಂದಲೇ.
ಸೆಣಬಿಗೆ ಮಗ್ಗ ಕಾದಿತ್ತು. ಇವಳಿಗೆ
ಪೆನ್ಸಿಲ್ಲು, ಪ್ರಶ್ನೆಪತ್ರಿಕೆ, ಹದಿನೆಂಟರ ಮಕ್ಕಳು.

ಎಣಿಸಿದೆ: ಅರವತ್ತೆರಡು. ಮತ್ತೆ ಎಣಿಸಿದೆ.
ಮಣಿಕಟ್ಟಿನ ಎಂಟರಲ್ಲಿ ಕಿರಿದು, ಬಟಾಣಿಯಷ್ಟಿನದು, ಇಲ್ಲ.
"ಪ್ಲಾಸ್ಟಿಕ್ಕಿನದು ತರಿಸಿದರಾಯಿತು,"
ಕೋಟು ಹಾಕಿಕೊಳ್ಳುತ್ತ ಫರ್ಗಸ್ ಹೊರಟ.

ಉಳಿದವಳು ಐಲ್ಸಾ, ಮೊದಲ ವರ್ಷದ ಹುಡುಗಿ.
ಕಣಕಾಲಿನ ಎಲುಬನ್ನು ದೀಪಕ್ಕೆ ಹಿಡಿದು ತಿರುಗಿಸುತ್ತಿದ್ದಳು.
"ಇಲ್ಲಿ, ಕೆಳತುದಿಯ ಅಂಚಿಗೆ, ಉಗುರಿನಷ್ಟಗಲ ನುಣುಪು.
ಪುಸ್ತಕದ ಚಿತ್ರದಲ್ಲಿಲ್ಲ. ಯಾವ ರೋಗ?"

ರೋಗವಲ್ಲ ಮಗಳೇ, ಕೂತದ್ದು.
ಕಾಲೆಲುಬು ದಿನವೂ ಪಾದದ ಎಲುಬಿನ ಮೇಲೆ ಬಾಗಿ
ಮಾಡಿಕೊಂಡ ಜಾಗ.
ಒಲೆಯ ಮುಂದೆ, ನಲ್ಲಿಯ ಮುಂದೆ;
ಬ್ಯಾಡಗಿಯ ಪೇಟೆಯಲ್ಲಿ ನಮ್ಮವ್ವ
ಕೆಂಪು ರಾಶಿಯ ಅಂಚಿಗೆ, ಸೆರಗು ಬಾಯಿಗೆ ಕಟ್ಟಿ
ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳಲ್ಲ, ಹಾಗೆ.
ಅವ್ವನ ಈ ಎಲುಬು ನಾನು ನೋಡಿಲ್ಲ.
ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುತ್ತಾರೆ.

"ನಿಮ್ಮ ಭಾಷೆಯಲ್ಲಿ ಅದಕ್ಕೇನು ಹೆಸರು?"
ಕುಕ್ಕರುಗಾಲು.
"ಕುಕ್ಕರ್?" ನಕ್ಕಳು. ನಾನೂ ನಕ್ಕೆ,
ತೋರಿಸಲು ಹೋದೆ.
ಐವತ್ತೆಂಟರ ಮಂಡಿಗಳು ಲಟಕ್ಕೆಂದವು,
ಹಿಮ್ಮಡಿ ನೆಲ ಬಿಟ್ಟಿತು,
ಬೀರುವಿನ ಹಿಡಿಕೆ ಹಿಡಿದು ಹೇಗೋ ಇಳಿದೆ.
ನನ್ನ ಆ ನುಣುಪನ್ನು
ಈ ಊರಿನ ಕುರ್ಚಿ ಎಷ್ಟು ಉಳಿಸಿದೆಯೋ.

ಅಷ್ಟು ಕೆಳಗಿನಿಂದ ಕಂಡಿತು: ಬೀರುವಿನಡಿಯ ಧೂಳಿನಲ್ಲಿ
ಒಂದು ಪೆನ್ನಿನ ಟೋಪಿ,
ಪಕ್ಕದಲ್ಲಿ ಬಟಾಣಿ ಎಲುಬು.

ಬಣ್ಣ ಬೇರೆ. ಇವಳದು ಚಹಾದ ಕಂದು, ಇದು ಸುಣ್ಣದ ಬಿಳುಪು.
ಯಾವ ಪೆಟ್ಟಿಗೆಯದೋ, ಯಾವ ವರ್ಷ ಉರುಳಿತ್ತೋ.
ಐಲ್ಸಾ ನನ್ನ ಮುಖ ನೋಡಿದಳು.
ಒರೆಸಿ ಕೊಟ್ಟೆ. ಮಣಿಕಟ್ಟಿನ ಪಕ್ಕ ಮೆಲ್ಲಗೆ ಇಟ್ಟಳು.
ಕೂತಲ್ಲಿಗೇ ರಿಜಿಸ್ಟರು ಕೇಳಿ ಪಡೆದು
ತೊಡೆಯ ಮೇಲಿಟ್ಟು ಬರೆದೆ:
ಹದಿನೇಳು. ಅರವತ್ತಮೂರು. ಸರಿ ಇದೆ. ಶಿ. ಹಲಗೇರಿ.

ಆಮೇಲೆ ಏಳುವುದಕ್ಕೆ
ಹುಡುಗಿ ಹೆಗಲು ಕೊಡಬೇಕಾಯಿತು.